ನನ್ನ ಕಕ್ಷಿದಾರರ ಸೂಚನೆಯ ಮೇರೆಗೆ

ವಕೀಲರ ನೋಟಿಸಿನ ಮೊದಲ ಸಾಲನ್ನು ಯಾರೂ ಓದುವುದಿಲ್ಲ. ‘ನನ್ನ ಕಕ್ಷಿದಾರರ ಸೂಚನೆಯ ಮೇರೆಗೆ ತಮಗೆ ತಿಳಿಸುವುದೇನೆಂದರೆ’ ಎಂಬ ಆ ಸಾಲು ಮದುವೆ ಮಂಟಪದ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ಹಾಗೆ. ಎಲ್ಲರೂ ಅವರನ್ನು ದಾಟಿ ಊಟದ ಕಡೆಗೆ ನಡೆಯುತ್ತಾರೆ. ಆದರೆ ಮಂಗಳೂರಿನ ಸೆಕೆಯಲ್ಲಿ ಮೂವತ್ತೆಂಟು ವರ್ಷ ಕರಿಕೋಟು ತೊಟ್ಟು, ಈಗ ಅದನ್ನು ಗೂಟಕ್ಕೆ ನೇತುಹಾಕಿರುವ ನಾನು ತಕ್ಕ ಗಾಂಭೀರ್ಯದಿಂದ ಹೇಳುತ್ತೇನೆ: ನನ್ನ ವೃತ್ತಿಯ ಗುಟ್ಟು ಪೂರ್ತಿ ಆ ಸಾಲಿನಲ್ಲಿತ್ತು. ನನ್ನ ವೃತ್ತಿಯ ಅತಿ ದೊಡ್ಡ ತಪ್ಪು ನಡೆದದ್ದೂ ಅದರ ನೆರಳಿನಲ್ಲೇ.

ಈಗ ಕಾನೂನು ಓದಿ ಬರುವ ಹುಡುಗ ಹುಡುಗಿಯರು ‘ಸರ್, ನೀವು ಸಾಫ್ಟ್‌ವೇರ್ ಕಂಪನಿಯ ಮೇಲೆ ಕೇಸು ನಡೆಸಿದವರಂತೆ, ಅದಕ್ಕೆ ಎಂತ ಓದ್ಬೇಕು?’ ಎಂದು ಕೇಳಿಕೊಂಡು ಬರುತ್ತಾರೆ. ನಡೆಸಿದ್ದು ಒಂದೇ ಕೇಸು. ಅದೂ ತೀರ್ಪಿಲ್ಲದೆ ಮುಗಿದದ್ದು. ಆದರೂ ಕೇಳಿದಾಗ ಹಿರಿಯರು ಸುಮ್ಮನಿರಬಾರದೆಂಬ ಕಾರಣಕ್ಕೆ, ‘ಮೊದಲು ಬಂದರಿಗೆ ಹೋಗಿ ಒಣಮೀನಿನ ಗೋಣಿ ನೋಡಿ ಬನ್ನಿ’ ಎನ್ನುತ್ತೇನೆ. ಅವರು ಮುಖ ಮುಖ ನೋಡಿಕೊಂಡು, ಕಾಫಿ ಕುಡಿದು, ನನ್ನ ಆರೋಗ್ಯ ವಿಚಾರಿಸಿ ಹೋಗುತ್ತಾರೆ. ಆ ಗೋಣಿಯ ವಿಷಯವನ್ನು ಬಿಡಿಸಿ ಹೇಳುವುದಕ್ಕಾಗಿ ಈ ಬರಹ.

ನನ್ನ ಸೀನಿಯರ್ ಕೊಡಿಯಾಲ್‌ಬೈಲಿನ ಒಂದು ಹಂಚಿನ ಮಾಡಿನ ಕಚೇರಿಯಲ್ಲಿ ಕೂತು ಅರ್ಧ ಜಿಲ್ಲೆಯ ಜಗಳಗಳನ್ನು ಸಾಕಿ ಸಲಹಿದವರು. ನಾನು ಬರೆದ ಮೊದಲ ನೋಟಿಸನ್ನು ಮೂಗಿನ ಹತ್ತಿರ ಹಿಡಿದು, ‘ಇದರಲ್ಲಿ ಕೊಡೆ ಎಲ್ಲುಂಟು ಮಾರಾಯ?’ ಎಂದು ಕೇಳಿದರು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಸುಡುವ ಬಿಸಿಲು.

‘ಆ ಮಳೆಗಲ್ಲ. ನಾಳೆ ಇದರಲ್ಲಿ ಬರೆದದ್ದು ಸುಳ್ಳು ಅಂತ ಆದ್ರೆ ಒದ್ದೆಯಾಗುವವ ಯಾರು? ನೀನಾ, ಪಾರ್ಟಿಯಾ? ಸೂಚನೆಯ ಮೇರೆಗೆ ಅಂತ ಬರೆ. ಪಾರ್ಟಿ ನೆನೀಲಿ. ನೀನು ಒಣಗಿಕೊಂಡಿರು.’

ಅಂದಿನಿಂದ ಆ ಕೊಡೆ ಬಿಚ್ಚದೆ ಒಂದು ಕಾಗದವನ್ನೂ ನಾನು ಹೊರಗೆ ಕಳಿಸಿದವನಲ್ಲ.

ಸ್ವತಂತ್ರವಾಗಿ ನಾನು ಗೆದ್ದ ಮೊದಲ ಗ್ರಾಹಕ ವ್ಯಾಜ್ಯ ಒಂದು ಸೋಡಾ ಬಾಟ್ಲಿಯದು. ಹೋಟೆಲಿನ ಮೇಜಿನ ಮೇಲೆ ಯಾರೂ ಮುಟ್ಟದೆ, ಯಾರೂ ಬೈಯದೆ, ತನ್ನಷ್ಟಕ್ಕೆ ಒಡೆದು ಒಬ್ಬ ಮಾಸ್ಟ್ರ ಕೈಗೆ ಗಾಯ ಮಾಡಿದ ಬಾಟ್ಲಿ. ಹೋಟೆಲಿನವ ಅಂಗಡಿಯವನನ್ನು ತೋರಿಸಿದ. ಅಂಗಡಿಯವ ಗಾಡಿಯವನನ್ನು ತೋರಿಸಿದ. ಗಾಡಿಯವ ರಸ್ತೆಯ ಗುಂಡಿಗಳನ್ನು ತೋರಿಸಿದ. ನಾನು ಅದೇ ದಿನ ತುಂಬಿಸಿದ ಇನ್ನೊಂದು ಬಾಟ್ಲಿಯನ್ನು ಸಾಕ್ಷ್ಯವೆಂದು ತಂದು ಪೀಠದ ಎದುರು ಇಟ್ಟೆ. ಅದು ನನ್ನ ತಪ್ಪು. ಅದೇನೂ ಒಡೆಯಲಿಲ್ಲ; ಆದರೆ ಅದು ಯಾವ ಕ್ಷಣದಲ್ಲೂ ಒಡೆಯಬಹುದೆಂದು ಅರ್ಧ ಗಂಟೆ ನಾನೇ ವಾದಿಸಿದ್ದರಿಂದ ಅಧ್ಯಕ್ಷರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು, ಸದಸ್ಯರೊಬ್ಬರು ಫೈಲನ್ನು ಮುಖಕ್ಕೆ ಅಡ್ಡ ಹಿಡಿದರು, ತಯಾರಕರ ವಕೀಲರು ಬಾಗಿಲ ಬಳಿ ನಿಂತೇ ಪ್ರತಿವಾದ ಮಂಡಿಸಿದರು. ತೀರ್ಪು ಬೇಗನೆ ಬಂತು. ತುಂಬಿ ಮುಚ್ಚಳ ಹಾಕಿದವನೇ ಹೊಣೆ, ಒಳಗೆ ಏನಾಗುತ್ತಿದೆಯೆಂದು ತಿಳಿಯುವ ಸಾಧನ ಇದ್ದದ್ದು ಅವನೊಬ್ಬನ ಹತ್ತಿರ ಎಂದು.

ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂತು. ಟೈಪ್‌ರೈಟರಿನ ಕಾಲದಲ್ಲಿ ಒಂದು ನೋಟಿಸು ಸಿದ್ಧವಾಗಲು ಮನುಷ್ಯನ ಕೋಪ ತಣಿಯುವಷ್ಟು ಹೊತ್ತು ಬೇಕಿತ್ತು. ಮೂರನೆಯ ಕಾರ್ಬನ್ ಪ್ರತಿ ಮಸುಕಾಯಿತೆಂದು ಮತ್ತೆ ಟೈಪು ಮಾಡುವಷ್ಟರಲ್ಲಿ ಎಷ್ಟೋ ಪಾರ್ಟಿಗಳು ರಾಜಿಯಾಗಿ ಎದ್ದುಹೋದದ್ದುಂಟು. ಕಂಪ್ಯೂಟರಿನಲ್ಲಿ ಹಾಗಲ್ಲ, ಹಳೆಯ ನೋಟಿಸನ್ನು ತೆರೆದು ಹೆಸರು ಬದಲಿಸಿದರೆ ಆಯಿತು. ಒಂದು ಸಲ ಗಂಡ ಹೆಂಡಿರ ಜಗಳದಲ್ಲಿ ಹುಡುಗನ ತಂದೆಗೆ ಹೋದ ನೋಟಿಸಿನಲ್ಲಿ, ಅವರು ತಮ್ಮ ಮಗನನ್ನು ‘ಸೂಕ್ತ ಪರೀಕ್ಷೆಗೆ ಒಳಪಡಿಸದೆ, ಮುಚ್ಚಳ ಸರಿಯಾಗಿ ಹಾಕದೆ ಮಾರುಕಟ್ಟೆಗೆ ಬಿಟ್ಟಿರುತ್ತಾರೆ’ ಎಂಬ ಸೋಡಾ ಬಾಟ್ಲಿಯ ಸಾಲು ಹಾಗೆಯೇ ಉಳಿದುಹೋಗಿತ್ತು. ಆ ತಂದೆ ಕಚೇರಿಗೆ ಬಂದು ಕೂಗಾಡಿದಾಗ ನಾನು ಮೊದಲ ಸಾಲಿನ ಮೇಲೆ ಬೆರಳಿಟ್ಟೆ. ಕಕ್ಷಿದಾರರ ಸೂಚನೆ. ನಾನು ಒದ್ದೆಯಾಗಲಿಲ್ಲ.

ಇಷ್ಟು ಪೀಠಿಕೆ. ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ಒಂದು ಬೆಳಿಗ್ಗೆ ಮೊಯ್ದಿನಬ್ಬ ಹಾಜಿಯವರು ಬಂದರು. ಬಂದರಿನಲ್ಲಿ ಅವರ ಒಣಮೀನಿನ ಗೋದಾಮು ಮೂರು ತಲೆಮಾರಿನದು. ಅವರು ಬರುವುದು ಅವರಿಗಿಂತ ಎರಡು ನಿಮಿಷ ಮೊದಲೇ ನನಗೆ ತಿಳಿಯುತ್ತಿತ್ತು. ಗಾಳಿ ಆ ಕಡೆಯಿಂದಿದ್ದರೆ ಐದು ನಿಮಿಷ.

‘ವಕೀಲ್ರೆ, ನನ್ನ ಮಾನ ಹೋಯ್ತು.’

‘ಎಂತ ಆಯ್ತು ಹಾಜಿಯವ್ರೆ?’

‘ಶುಗರ್.’

‘ಶುಗರಿಗೆ ಡಾಕ್ಟ್ರ ಹತ್ರ ಹೋಗ್ಬೇಕಲ್ಲ?’

‘ಡಾಕ್ಟ್ರ ಹತ್ರ ಹೋದದ್ದಕ್ಕೇ ಮಾನ ಹೋದದ್ದು ಮಾರಾಯ್ರೆ!’

ಸಂಗತಿ ಇಷ್ಟು. ಹಾಜಿಯವರು ಎರಡು ವರ್ಷದಿಂದ ಹೆಂಡತಿಯ ಹತ್ತಿರ ‘ಶುಗರ್ ನಾರ್ಮಲ್ ಉಂಟು’ ಎಂದು ಹೇಳುತ್ತ, ಆ ಹೇಳಿಕೆಯ ಬಲದ ಮೇಲೆ ಕರಾವಳಿಯ ಯಾವ ಮದುವೆಯ ಹಲ್ವವನ್ನೂ ಬಿಟ್ಟವರಲ್ಲ. ಹೋದ ತಿಂಗಳು ಪೇಟೆಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ರಿಪೋರ್ಟು ಫೋನಿಗೆ ಬಂತು. ಅವರು ಅದನ್ನು ನೋಡಿ, ಗಾಬರಿಯಾಗಿ, ಅಳಿಸಿಹಾಕಿದರು. ಸಂಜೆ ಮನೆಗೆ ಹೋದರೆ ಹೆಂಡತಿಯ ಫೋನಿನಲ್ಲಿ ಅದೇ ರಿಪೋರ್ಟು. ಮರುದಿನ ಕುಟುಂಬದ ಎಲ್ಲರ ಫೋನಿನಲ್ಲಿ. ಯಾರಿಂದ ಬಂತು ಎಂದರೆ ಹೆಂಡತಿ ಬಾಯಿ ಬಿಡುವುದಿಲ್ಲ.

‘ಈಗ ಮೂರು ಹೊತ್ತು ರಾಗಿ. ಮದುವೆಗೆ ಹೋದ್ರೆ ಹಲ್ವದ ಪ್ಲೇಟು ನನ್ನನ್ನು ದಾಟಿ ಹೋಗ್ತದೆ, ನಾನು ಇಲ್ಲವೇ ಇಲ್ಲ ಅನ್ನುವ ಹಾಗೆ. ಬಂದರಿನಲ್ಲಿ ಚಾಯದವನೂ ಕೇಳ್ತಾನೆ, ಹಾಜಿಯವ್ರೆ ಸಕ್ಕರೆ ಹಾಕ್ಬೋದಾ ಅಂತ. ಇದು ಆ ಸಿಸ್ಟರದ್ದೇ ಕೆಲಸ. ರಕ್ತ ತೆಗೆದದ್ದು ಅವ್ಳು, ಚೀಟಿ ಬರೆದದ್ದು ಅವ್ಳು. ಮತ್ತೆ ಯಾರು ಹೇಳುದು? ಸೂಜಿ ಮಾತಾಡ್ತದಾ?’

ಸೂಜಿ ಮಾತಾಡುವುದಿಲ್ಲ ಎಂಬುದು ನನಗೂ ಅಕಾಟ್ಯವಾಗಿ ಕಂಡಿತು. ನನ್ನ ಕಾಲದವರಿಗೆ ಗುಟ್ಟು ಹೊರಗೆ ಬೀಳುವುದೆಂದರೆ ಒಂದು ಬಾಯಿಂದ ಬೀಳುವುದು. ಹಳೆಯ ನೋಟಿಸನ್ನು ತೆರೆದೆ, ಹೆಸರು ಬದಲಿಸಿದೆ. ‘ನನ್ನ ಕಕ್ಷಿದಾರರ ಸೂಚನೆಯ ಮೇರೆಗೆ’ ಸಿಸ್ಟರ್ ಲವೀನಾ ಎಂಬವರು ರೋಗಿಯ ಖಾಸಗಿ ಮಾಹಿತಿಯನ್ನು ದುರುದ್ದೇಶದಿಂದ ಬಹಿರಂಗಪಡಿಸಿದ್ದಾರೆಂದು ಬರೆದು, ಒಂದು ಪ್ರತಿಯನ್ನು ಆಸ್ಪತ್ರೆಯ ಆಡಳಿತಕ್ಕೂ ಕಳಿಸಿದೆ. ಮಾರುಕಟ್ಟೆ, ಮುಚ್ಚಳ ಇತ್ಯಾದಿ ಉಳಿದಿಲ್ಲ ಎಂಬುದನ್ನು ಎರಡು ಸಲ ನೋಡಿಕೊಂಡೆ. ಉಳಿದದ್ದು ನಿಜವೋ ಎಂದು ಒಂದು ಸಲವೂ ನೋಡಲಿಲ್ಲ.

ಹತ್ತು ದಿನಗಳಾದ ಮೇಲೆ ಸಿಸ್ಟರ್ ಲವೀನಾ ಖುದ್ದಾಗಿ ಬಂದರು. ಕಾಟಿಪಳ್ಳದಿಂದ ಬಸ್ಸಿನಲ್ಲಿ ಬಂದು ಬಿಸಿಲಲ್ಲಿ ನಡೆದ ಐವತ್ತರ ಹತ್ತಿರದ ಹೆಂಗಸು. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಲಿಲ್ಲ. ನೋಟಿಸನ್ನು ನನ್ನ ಮೇಜಿನ ಮೇಲೆ ಇಟ್ಟರು.

‘ಇದು ನೀವು ಬರೆದದ್ದಲ್ವಾ ಸರ್?’

‘ನನ್ನ ಕಕ್ಷಿದಾರರ...’

‘ಅದು ಓದಿದ್ದೇನೆ. ಬರೆದ ಕೈ ಯಾರದ್ದು?’

ಮೊದಲ ಸಾಲನ್ನು ಓದಿದ ಮೊದಲ ವ್ಯಕ್ತಿಯನ್ನು ನಾನು ಅಂದು ಕಂಡೆ.

‘ಆಸ್ಪತ್ರೆಯವರು ನನ್ನನ್ನು ವಿಚಾರಣೆ ಮುಗಿಯುವವರೆಗೆ ಬರ್ಬೇಡಿ ಅಂತ ಹೇಳಿದ್ದಾರೆ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರ ರೋಗ ಇನ್ನೊಬ್ಬರಿಗೆ ಹೇಳಿದವಳಲ್ಲ ನಾನು. ನನ್ನ ಗಂಡನಿಗೆ ನನ್ನ ಬಿಪಿ ಎಷ್ಟು ಅಂತ ಗೊತ್ತಿಲ್ಲ. ಮೊದಲು ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಹತ್ತು ಜನ ಚೀಟಿ ಹಿಡ್ಕೊಂಡು ನನ್ನ ಹತ್ರ ಬರ್ತಿದ್ರು. ಈಗ ದೂರದಿಂದಲೇ ಕೈ ಮಾಡಿ ಹೋಗ್ತಾರೆ. ಸರ್, ನೀವೂ ನಮ್ಮಲ್ಲೇ ರಕ್ತ ಕೊಟ್ಟವರಲ್ವಾ? ಆ ಮೆಸೇಜ್ ಉಂಟಾ?’

ಇತ್ತು. ತೆರೆದೆ. ರಿಪೋರ್ಟು ತೆರೆಯುವ ಉದ್ದದ ಒಂದು ವಿಳಾಸ, ಕೊನೆಯಲ್ಲಿ ರಕ್ತ ಕೊಟ್ಟ ಸರದಿಯ ನಂಬರು.

‘ಈಗ ಹಾಜಿಯವರನ್ನು ಕರೆಸಿ. ಬೇರೆಯವರದ್ದು ನಾನು ಮುಟ್ಟುದಿಲ್ಲ. ಅವರದ್ದಾದ್ರೆ ಅವರನ್ನೇ ಕೇಳಿ ಮುಟ್ಟುವ.’

ಹಾಜಿಯವರು ಬಂದರು. ಸಿಸ್ಟರನ್ನು ನೋಡಿ ಬಾಗಿಲಲ್ಲೇ ನಿಂತರು. ಆಕೆ ಅವರ ಒಪ್ಪಿಗೆ ಕೇಳಿ, ಅವರ ಆಸ್ಪತ್ರೆಯ ಚೀಟಿಯಲ್ಲಿದ್ದ ನಂಬರನ್ನು ನನ್ನ ಫೋನಿನಲ್ಲಿ ನನ್ನ ನಂಬರಿನ ಜಾಗದಲ್ಲಿ ಒತ್ತಿದರು. ನನ್ನ ಫೋನಿನಲ್ಲಿ ಹಾಜಿಯವರ ಸಕ್ಕರೆ ತೆರೆದುಕೊಂಡಿತು. ಗುಪ್ತಪದ ಕೇಳಲಿಲ್ಲ, ನೀನು ಯಾರೆಂದು ಕೇಳಲಿಲ್ಲ. ಬಾಗಿಲಿಗೆ ಚಿಲಕವೇ ಇಲ್ಲದ ಮನೆ. ಆ ಆಸ್ಪತ್ರೆಗೆ ರಕ್ತ ಕೊಟ್ಟ ಊರಿನ ಅಷ್ಟೂ ಜನ ಅದರೊಳಗೆ ಸಾಲಾಗಿ ಕೂತಿದ್ದರು. ಹಾಜಿಯವರ ಸಕ್ಕರೆಗೆ ನಾವು ನಗಬಹುದು. ನಗು ಬರದ ರಿಪೋರ್ಟುಗಳೂ ಅಲ್ಲಿದ್ದವು ಎಂಬುದನ್ನು ಸಿಸ್ಟರ್ ಹೇಳದೆಯೇ ನಮಗಿಬ್ಬರಿಗೂ ಅರ್ಥವಾಯಿತು.

‘ಹಾಜಿಯವ್ರೆ, ಆ ದಿವಸ ನಿಮ್ಮಿಂದ ಮೊದಲು ರಕ್ತ ಕೊಟ್ಟದ್ದು ಯಾರು?’ ಎಂದು ಸಿಸ್ಟರ್ ಕೇಳಿದರು.

‘ನನ್ನ ಮನೆಯವಳ ತಮ್ಮನ ಮಗಳು. ಒಂದೇ ಕಾರಲ್ಲಿ ಹೋದದ್ದು.’

‘ಅವಳ ರಿಪೋರ್ಟ್ ಯಾರು ನೋಡಿದ್ದು?’

‘ಅವಳ ಅಪ್ಪ. ದುಬೈಯಲ್ಲಿ...’ ಹಾಜಿಯವರು ಜೇಬಿಗೆ ಕೈ ಹಾಕಿದರು. ಫೋನು ತೆಗೆದರು. ಬ್ಯಾರಿ ಭಾಷೆಯಲ್ಲಿ ನಡೆದ ಆ ಸಂಭಾಷಣೆಯ ಸಾರವನ್ನು ಮಾತ್ರ ಕೊಡುತ್ತೇನೆ, ವಿಶೇಷಣಗಳನ್ನು ಬಿಟ್ಟಿದ್ದೇನೆ. ಆ ಮನುಷ್ಯ ಮಗಳು ಕಳಿಸಿದ ವಿಳಾಸವನ್ನು ಆಫೀಸಿನ ಕಂಪ್ಯೂಟರಿನಲ್ಲಿ ನೋಡಿ ನೋಡಿ ಟೈಪು ಮಾಡಿದ್ದ. ಕೊನೆಗೆ ಏಳು ಒತ್ತುವಲ್ಲಿ ಎಂಟು ಒತ್ತಿದ್ದ. ಮಗಳ ಹಿಮೋಗ್ಲೋಬಿನ್ ಬರುವಲ್ಲಿ ಭಾವನ ಸಕ್ಕರೆ ಬಂತು. ಹೆದರಿ ಅಕ್ಕನಿಗೆ ಕಳಿಸಿದ. ‘ನನ್ನ ಹೆಸರು ಹೇಳ್ಬೇಡ’ ಎಂದೂ ಬರೆದ. ದುರುದ್ದೇಶ ಇಷ್ಟೇ.

ಹಾಜಿಯವರು ಫೋನು ಕೆಳಗಿಟ್ಟು, ‘ಸಿಸ್ಟರೆ, ನನ್ನ ಬಾಯಿ ದೊಡ್ಡದಾಯ್ತು. ಮಾಫ್ ಮಾಡಿ’ ಎಂದರು. ವಕೀಲರು ಕ್ಷಮೆ ಕೇಳುವುದಕ್ಕೆ ನನ್ನ ಕಂಪ್ಯೂಟರಿನಲ್ಲಿ ಹಳೆಯ ಮಾದರಿ ಇರಲಿಲ್ಲ.

ಸಿಸ್ಟರ್ ಚೀಲದಿಂದ ಇನ್ನೊಂದು ಕಾಗದ ತೆಗೆದರು. ಈ ಚಿಲಕವಿಲ್ಲದ ಬಾಗಿಲನ್ನು ಅವರು ಐದು ತಿಂಗಳ ಹಿಂದೆಯೇ ಕಂಡುಹಿಡಿದು, ಆ ತಂತ್ರಾಂಶ ಮಾಡಿದ ಬೆಂಗಳೂರಿನ ಕಂಪನಿಗೆ ಬರೆದಿದ್ದರು. ಕಂಪನಿಯ ಉತ್ತರ ಬಂದಿತ್ತು. ಅವರ ಅಭಿಪ್ರಾಯಕ್ಕೆ ಧನ್ಯವಾದ, ಪರಿಶೀಲಿಸಲಾಗಿದೆ, ತಂತ್ರಾಂಶವು ವಿನ್ಯಾಸದಂತೆಯೇ ಕೆಲಸ ಮಾಡುತ್ತಿದೆ, ದೂರನ್ನು ಮುಚ್ಚಲಾಗಿದೆ.

ಆ ಕಾಗದವನ್ನು ಓದಿದಾಗ ನನ್ನೊಳಗಿನ ಸೋಡಾ ಬಾಟ್ಲಿಯ ವಕೀಲ ಎದ್ದು ಕುಳಿತ.

ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಆಸ್ಪತ್ರೆ ಮತ್ತು ಕಂಪನಿ ಎರಡರ ಮೇಲೂ ಹಾಜಿಯವರ ದೂರು ದಾಖಲಾಯಿತು. ಸಿಸ್ಟರ್ ಗ್ರಾಹಕರಲ್ಲ, ದೂರು ಕೊಡುವಂತಿಲ್ಲ, ಸಾಕ್ಷಿ ಮಾತ್ರ. ಹೆಚ್ಚು ಪೆಟ್ಟು ತಿಂದವರಿಗೆ ಕಾನೂನಿನ ಮನೆಯಲ್ಲಿ ಮಣೆ ಇರುವುದಿಲ್ಲ ಎಂಬುದನ್ನು ತರುಣರು ಬೇಗ ತಿಳಿದುಕೊಳ್ಳುವುದು ಒಳ್ಳೆಯದು.

ಕಂಪನಿಯ ವಕೀಲೆ ನನ್ನ ಮಗಳ ವಯಸ್ಸಿನವರು, ಬಹಳ ಓದಿಕೊಂಡವರು. ಗ್ರಾಹಕ ಕಾಯ್ದೆಯಲ್ಲಿ ಉತ್ಪನ್ನದ ಹೊಣೆ ಎಂಬ ಒಳ್ಳೆಯ ಅಧ್ಯಾಯವೊಂದಿದೆ; ದೋಷದ ವಸ್ತುವಿನಿಂದ ಕೇಡಾದರೆ ಅದನ್ನು ತಯಾರಿಸಿದವನನ್ನೇ ನೇರವಾಗಿ ಕೇಳಬಹುದು. ಆದರೆ ಉತ್ಪನ್ನವೆಂದರೆ ಏನು? ಅದು ಘನ, ದ್ರವ ಅಥವಾ ಅನಿಲ ಸ್ಥಿತಿಯಲ್ಲಿರಬಹುದು ಎಂದು ಕಾಯ್ದೆ ಬರೆದವರು ಬರೆದಿಟ್ಟಿದ್ದಾರೆ.

‘ನನ್ನ ಕಕ್ಷಿದಾರರ ತಂತ್ರಾಂಶ ಘನವಲ್ಲ, ದ್ರವವಲ್ಲ, ಅನಿಲವೂ ಅಲ್ಲ’ ಎಂದರು ಆಕೆ. ಪರಬ್ರಹ್ಮನ ವರ್ಣನೆ ಕೇಳಿದ ಹಾಗಾಗಿ ನಾನು ಒಂದು ಕ್ಷಣ ಕಣ್ಣು ಮುಚ್ಚಿದೆ.

‘ಸ್ವಾಮಿ, ಸೋಡಾ ಬಾಟ್ಲಿಯಲ್ಲಿ ಮೂರೂ ಇತ್ತು, ಇದರಲ್ಲಿ ಮೂರೂ ಇಲ್ಲ. ಆದರೆ ಒಡೆದದ್ದು ಎರಡೂ’ ಎಂದೆ. ಅಧ್ಯಕ್ಷರು ಬರೆದುಕೊಂಡರು. ಅಥವಾ ಬರೆದುಕೊಳ್ಳುವಂತೆ ಪೆನ್ನು ಆಡಿಸಿದರು.

ಆಕೆಯ ಎರಡನೆಯ ವಾದ, ತಂತ್ರಾಂಶವನ್ನು ‘ಇದ್ದ ಹಾಗೆ’ ಕೊಟ್ಟದ್ದು. ಯಾವ ದೋಷಕ್ಕೂ ಕಂಪನಿ ಹೊಣೆಯಲ್ಲವೆಂಬ ಷರತ್ತನ್ನು ಹಾಜಿಯವರೇ ‘ಒಪ್ಪಿದ್ದೇನೆ’ ಎಂದು ಒತ್ತಿ ಒಪ್ಪಿದ್ದಾರೆ ಎಂಬುದು. ಆ ಷರತ್ತುಗಳ ಮುದ್ರಿತ ಪ್ರತಿ ನನ್ನ ಕೈಯಲ್ಲಿತ್ತು. ದಪ್ಪದಲ್ಲಿ ಮದುವೆಯ ಆಲ್ಬಮ್ಮಿನಷ್ಟು. ಪೂರ್ತಿ ಓದಲು ಅನುಮತಿ ಬೇಡಿದೆ. ಅಧ್ಯಕ್ಷರು ಕೈಮುಗಿದರು.

ಮೂರನೆಯ ವಾದ ಮಾತ್ರ ತೂಕದ್ದು. ದೋಷವೇ ಇಲ್ಲದ ತಂತ್ರಾಂಶವನ್ನು ಯಾರೂ ಇದುವರೆಗೆ ಬರೆದಿಲ್ಲ, ಪ್ರತಿ ದೋಷಕ್ಕೂ ದಂಡವೆಂದರೆ ಸಣ್ಣ ತಯಾರಕರೆಲ್ಲ ಬಾಗಿಲು ಹಾಕಬೇಕಾಗುತ್ತದೆ ಎಂದರು. ಅದು ನಿಜವೆಂದು ನಾನು ಎದ್ದು ನಿಂತೇ ಒಪ್ಪಿದೆ. ಎದುರಾಳಿಯ ನಿಜವನ್ನು ಒಪ್ಪಿದರೆ ಪೀಠಕ್ಕೆ ನಿಮ್ಮ ಉಳಿದ ಮಾತಿನ ಮೇಲೆ ನಂಬಿಕೆ ಬರುತ್ತದೆ. ಇದನ್ನು ನನ್ನ ಸೀನಿಯರ್ ಹೇಳಿಕೊಟ್ಟದ್ದಲ್ಲ, ಸೋತು ಕಲಿತದ್ದು. ಆಮೇಲೆ ಸಿಸ್ಟರಿಗೆ ಬಂದ ಉತ್ತರವನ್ನು ಮುಂದಿಟ್ಟೆ. ದೋಷ ಇರುವುದು ಬೇರೆ, ದೋಷ ಉಂಟೆಂದು ಹೇಳಿದವರಿಗೆ ಅದು ವಿನ್ಯಾಸವೆಂದು ಉತ್ತರಿಸಿ ದೂರು ಮುಚ್ಚುವುದು ಬೇರೆ. ಬಾಟ್ಲಿ ಉಬ್ಬಿದೆ ಎಂದು ಫೋನು ಮಾಡಿದವನಿಗೆ, ಅದು ಹಾಗೆಯೇ ಇರುವುದು, ಕುಡಿಯಿರಿ ಎಂದ ಹಾಗೆ.

ಆಗ ಹಾಜಿಯವರು ಹಿಂದಿನಿಂದ ಎದ್ದರು. ‘ಅಧ್ಯಕ್ಷರೆ, ನಂದೊಂದು ಮಾತುಂಟು.’

ಅವರು ಚೀಲದಿಂದ ಒಂದು ಗೋಣಿಯ ಬಾಯಿಯ ತುಂಡನ್ನು ಹೊರಗೆ ತೆಗೆದರು. ಸದಸ್ಯರೊಬ್ಬರು ಕಿಟಕಿ ತೆರೆಯುವಂತೆ ಹೇಳಿದರು.

‘ನಮ್ಮ ಬಂದರಿನಲ್ಲಿ ಗೋಣಿ ಹೊಲಿದ ಮೇಲೆ ನಡುವೆ ಯಾರೂ ಬಿಚ್ಚುದಿಲ್ಲ. ಹಮಾಲಿ ಹೊರ್ತಾನೆ, ಲಾರಿಯವ ಒಯ್ತಾನೆ, ಘಟ್ಟದ ಮೇಲಿನ ಅಂಗಡಿಯವ ಬಿಚ್ಚುದು. ಒಳಗೆ ಹುಳ ಉಂಟು ಅಂತ ಆದ್ರೆ ಅವ ಹಮಾಲಿಯನ್ನು ಕೇಳುದಿಲ್ಲ, ಲಾರಿಯವನನ್ನೂ ಕೇಳುದಿಲ್ಲ. ನೂಲು ನೋಡ್ತಾನೆ. ಒಂದೊಂದು ಗೋದಾಮಿಗೆ ಒಂದೊಂದು ನೂಲು. ನಮ್ಮದು ಹಸಿರು ಬಿಳಿ, ಅಜ್ಜನ ಕಾಲದಿಂದ. ಹಸಿರು ಬಿಳಿ ಕಂಡ್ರೆ ನನಗೇ ಫೋನು ಬರ್ತದೆ. ನಾನು ಇದ್ದ ಹಾಗೆ ಕೊಟ್ಟದ್ದು ಅಂ‍ತ ಹೇಳಿದ್ರೆ ಮರುದಿವಸ ನನ್ನ ನೂಲಿನ ಗೋಣಿಯನ್ನು ಒಬ್ಬನೂ ಮುಟ್ಟ. ಇಲ್ಲಿ ಎಂತ ಮಾಡಿದ್ದು? ನಾನೂ, ಈ ವಕೀಲ್ರೂ ಸೇರಿ ಹಮಾಲಿಯನ್ನು ಹಿಡಿದದ್ದು. ಈ ಸಿಸ್ಟರನ್ನು.’

ಇದು ನನ್ನ ವಾದಕ್ಕಿಂತ ಚೆನ್ನಾಗಿತ್ತು ಎಂಬುದು ನನಗೆ ತಿಳಿಯಿತು. ‘ಈ ವಕೀಲ್ರೂ’ ಎಂಬ ಪದಗಳನ್ನು ದಾಖಲೆಯಿಂದ ತೆಗೆಸಬೇಕೆಂದು ಒಮ್ಮೆ ತೋರಿತು. ತೆಗೆಸಲಿಲ್ಲ.

ಅಧ್ಯಕ್ಷರು ಎರಡೂ ಕಡೆಯವರನ್ನು ಮಧ್ಯಸ್ಥಿಕೆಗೆ ಕಳಿಸಿದರು. ಪಕ್ಕದ ಸಣ್ಣ ಕೋಣೆ, ತಿರುಗುವಾಗ ಅಳುವ ಒಂದು ಫ್ಯಾನು. ಕಂಪನಿ ಬಾಗಿಲಿಗೆ ಚಿಲಕ ಹಾಕಲು ಒಪ್ಪಿತು. ಹಾಜಿಯವರಿಗೆ ಪರಿಹಾರ ಕೊಡಲೂ ಒಪ್ಪಿತು. ಹಾಜಿಯವರು ಅದನ್ನು ಆ ಫ್ಯಾನಿನ ಗಾಳಿಯಷ್ಟೂ ಲೆಕ್ಕಕ್ಕಿಡಲಿಲ್ಲ.

‘ನನ್ನ ಶುಗರ್ ಹೇಗೂ ಊರಿಗೇ ಗೊತ್ತಾಯ್ತು. ಸಿಸ್ಟರಿಗೆ ನಿಮ್ಮ ಕಂಪನಿಯ ಒಂದು ಕಾಗದ ಬೇಕು. ತಪ್ಪು ನಮ್ಮದು, ಇವರದ್ದಲ್ಲ ಅಂತ. ಅಷ್ಟೇ.’

ಆಸ್ಪತ್ರೆಯ ಆಡಳಿತದವರೂ ಅಲ್ಲಿದ್ದರು. ಗುಟ್ಟು ಹೊರಬಿದ್ದದ್ದು ತಂತ್ರಾಂಶದ ದೋಷದಿಂದ ಎಂಬುದಕ್ಕೆ ಲಿಖಿತ ಆಧಾರ ಸಿಕ್ಕಿದರೆ ಮರುದಿನವೇ ಸಿಸ್ಟರನ್ನು ಕೆಲಸಕ್ಕೆ ಕರೆಯುತ್ತೇವೆ, ಅದಿಲ್ಲದೆ ಫೈಲು ಮುಚ್ಚುವುದಿಲ್ಲ ಎಂದರು. ಇಪ್ಪತ್ತೆರಡು ವರ್ಷದ ಕೆಲಸ ಈಗ ಒಂದು ಕಾಗದದ ಮೇಲೆ ನಿಂತಿತ್ತು.

ಕಂಪನಿಯ ವಕೀಲೆ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. ‘ಬರೆದು ಕೊಡ್ತೇವೆ. ಆದರೆ ಮೊದಲ ಸಾಲಿನಲ್ಲಿ, ಯಾವುದೇ ಹೊಣೆಯನ್ನು ಒಪ್ಪಿಕೊಳ್ಳದೆ ಅಂತ ಇರಬೇಕು.’

ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. ಇದು ನಾನು ದೊಡ್ಡ ಮಾತು ಆಡುವ ಮೊದಲು ಮಾಡುವ ವಿಧಿ. ‘ಅಮ್ಮಾ, ತಪ್ಪು ನಮ್ಮದು, ಆದರೆ ಹೊಣೆ ನಮ್ಮದಲ್ಲ. ಇಂಥ ಕಾಗದಕ್ಕೆ ಏನು ಬೆಲೆ? ಮೊದಲ ಸಾಲಿನಲ್ಲಿ ಕೊಡೆ ಬಿಚ್ಚಿಕೊಂಡು ನಿಂತವರು...’

‘ಸರ್,’ ಎಂದರು ಸಿಸ್ಟರ್ ಲವೀನಾ.

ಅವರು ಚೀಲದಿಂದ ನನ್ನ ನೋಟಿಸನ್ನು ತೆಗೆದು, ಮಡಿಕೆ ಬಿಡಿಸಿ, ಮೊದಲ ಸಾಲನ್ನು ನಿಧಾನವಾಗಿ ಓದಿದರು. ‘ನನ್ನ ಕಕ್ಷಿದಾರರ ಸೂಚನೆಯ ಮೇರೆಗೆ.’ ಆಮೇಲೆ ತಲೆಯೆತ್ತಿ, ‘ಇದೂ ಅದೇ ಅಲ್ವಾ ಸರ್? ಇದು ಸಹ ನನ್ನ ಫೈಲಿನಲ್ಲಿ ಉಂಟಲ್ಲ’ ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸೂಜಿ ಚುಚ್ಚುವ ಮೊದಲು, ಸ್ವಲ್ಪ ನೋಯ್ತದೆ ಎಂದು ಹೇಳುವ ಧ್ವನಿ.

ಫ್ಯಾನು ಎರಡು ಸಲ ಅತ್ತಿತು. ಹಾಜಿಯವರು ಗೋಡೆ ನೋಡಿದರು. ಕಂಪನಿಯ ವಕೀಲೆ ಮಾತ್ರ ನನ್ನನ್ನೇ ನೋಡುತ್ತಿದ್ದರು, ಮುದುಕ ಈಗ ಎಂತ ಮಾಡ್ತಾನೆ ನೋಡುವ ಎಂಬ ಹಾಗೆ.

ನಾನು ಒಂದು ಬಿಳಿ ಹಾಳೆ ಕೇಳಿ ಪಡೆದೆ. ಟೈಪ್‌ರೈಟರಿಲ್ಲ, ಕಂಪ್ಯೂಟರಿಲ್ಲ, ತೆರೆಯಲು ಹಳೆಯ ನೋಟಿಸಿಲ್ಲ. ಕೈಯಲ್ಲಿ ಬರೆದೆ: ‘ಸಿಸ್ಟರ್ ಲವೀನಾ ಅವರಿಗೆ. ತಮ್ಮ ಮೇಲೆ ಆರೋಪ ಹೊರಿಸಿ ನಾನು ಕಳಿಸಿದ ನೋಟಿಸಿನಲ್ಲಿ ಇದ್ದದ್ದು ಸುಳ್ಳು. ಕಳಿಸುವ ಮೊದಲು ನಾನು ವಿಚಾರಿಸಬೇಕಿತ್ತು. ವಿಚಾರಿಸಲಿಲ್ಲ. ತಪ್ಪು ನನ್ನದು.’ ಸಹಿ ಹಾಕಿದೆ. ಒಟ್ಟು ಐದು ನಿಮಿಷದ ಕೆಲಸ. ಅದರಲ್ಲಿ ನಾಲ್ಕು ನಿಮಿಷ ಕೈ ಅಭ್ಯಾಸಬಲದಿಂದ ಬರೆಯಹೊರಟ ಮೊದಲ ಸಾಲನ್ನು ತಡೆಯುವುದಕ್ಕೆ ಹಿಡಿಯಿತು.

ಹಾಜಿಯವರು ಹಾಳೆಯನ್ನು ಎತ್ತಿ ನೋಡಿ, ‘ಈಗ ಸರಿ. ನೂಲು ಕಾಣ್ತದೆ’ ಎಂದರು.

ಕಂಪನಿಯ ವಕೀಲೆ ಮತ್ತೆ ಹೊರಗೆ ಹೋದರು. ಈ ಸಲ ಹೆಚ್ಚು ಹೊತ್ತು. ಬಾಗಿಲ ಆಚೆಯಿಂದ ‘ಇಲ್ಲ ಸರ್, ಅವರೇ ಬರೆದುಕೊಟ್ಟಿದ್ದಾರೆ, ಹೌದು, ಕೈಯಲ್ಲಿ’ ಎಂಬ ಮಾತು ಕೇಳಿಸಿತು. ಒಳಗೆ ಬಂದು ಕುಳಿತು, ತಮ್ಮ ಕರಡಿನ ಮೊದಲ ಸಾಲಿನ ಮೇಲೆ ಒಂದು ಗೆರೆ ಎಳೆದರು. ಮರುವಾರ ಸಿಸ್ಟರ್ ಕೆಲಸಕ್ಕೆ ಹೋದರು.

ವ್ಯಾಜ್ಯ ರಾಜಿಯಲ್ಲಿ ಮುಗಿದದ್ದರಿಂದ, ತಂತ್ರಾಂಶ ಘನವೋ ದ್ರವವೋ ಅನಿಲವೋ ಎಂಬ ಪ್ರಶ್ನೆಯನ್ನು ಆ ಪೀಠ ನಿರ್ಣಯಿಸಲಿಲ್ಲ. ಅದನ್ನು ನಾನು ಮುಂದಿನ ಪೀಳಿಗೆಗೆ ಭಕ್ತಿಪೂರ್ವಕ ಬಿಟ್ಟುಕೊಟ್ಟಿದ್ದೇನೆ. ವಾದಿಸುವಾಗ ಒಂದು ನೆನಪಿರಲಿ: ನೂಲು ಯಾರದ್ದೆಂದು ಕೇಳಿ. ಒಳಗೆ ಏನಿದೆಯೆಂದು ತಿಳಿಯುವ, ತಿಳಿದು ಸರಿಪಡಿಸುವ ಶಕ್ತಿ ಯಾರಿಗಿತ್ತೋ ಅಲ್ಲಿಗೆ ಹೋಗಿ. ಹಮಾಲಿಯನ್ನು ಹಿಡಿಯಬೇಡಿ, ಅವನು ಹತ್ತಿರ ಸಿಗುತ್ತಾನೆ, ಅಷ್ಟೇ. ಹಾಗೆ ಹೋಗುವ ಮೊದಲು ನಿಮ್ಮ ಕೈಯಲ್ಲಿರುವ ಕಾಗದದ ಮೊದಲ ಸಾಲನ್ನೂ ಒಮ್ಮೆ ಓದಿಕೊಳ್ಳಿ.

ಕಚೇರಿ ಮುಚ್ಚಿದ ಮೇಲೆ ಹಾಜಿಯವರೂ ನಾನೂ ಮೂರು ತಿಂಗಳಿಗೊಮ್ಮೆ ಒಟ್ಟಿಗೆ ರಕ್ತ ಕೊಡಲು ಹೋಗುತ್ತೇವೆ. ನನ್ನ ಸಕ್ಕರೆಯೂ ಈಗ ಅವರದಕ್ಕೆ ಸ್ಪರ್ಧೆ ಕೊಡುತ್ತಿದೆ. ಮೊನ್ನೆ ಸಿಸ್ಟರ್ ಲವೀನಾ ನನ್ನ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತ, ಮುಖದಲ್ಲಿ ನಗೆಯ ಸುಳಿವಿಲ್ಲದೆ ಕೇಳಿದರು: ‘ಯಾರ ಸೂಚನೆಯ ಮೇರೆಗೆ ಬಂದದ್ದು ಸರ್?’

‘ನಾನೇ ಬಂದದ್ದು ಸಿಸ್ಟರೆ.’

‘ಹಾಂ. ಹಾಗಾದ್ರೆ ನೋಯುದಿಲ್ಲ.’ ಸೂಜಿ ಚುಚ್ಚಿದರು. ನೋಯಿತು.

ಸಂಜೆ ಬಂದರಿನಲ್ಲಿ ಸಕ್ಕರೆಯಿಲ್ಲದ ಚಾಯ ಕುಡಿಯುತ್ತಿದ್ದಾಗ ಇಬ್ಬರ ಫೋನಿಗೂ ರಿಪೋರ್ಟು ಬಂತು. ನಾನು ನನ್ನದನ್ನು ತೆರೆದೆ. ಹಾಜಿಯವರು ಬಾಗಿ ನೋಡಿ, ‘ನನ್ನ ನಂಬರ್ ಹಾಕಿ ನೋಡಿ ವಕೀಲ್ರೆ, ನನ್ನ ಒಪ್ಪಿಗೆ ಉಂಟು’ ಎಂದರು. ಕೊನೆಯ ಅಂಕೆಯನ್ನು ಅಳಿಸಿ ಅವರದನ್ನು ಒತ್ತಿದೆ. ಪರದೆಯ ಮೇಲೆ ಒಂದೇ ಸಾಲು ಮೂಡಿತು: ನಿಮಗೆ ಇದನ್ನು ನೋಡುವ ಅಧಿಕಾರವಿಲ್ಲ.

ನಾವಿಬ್ಬರೂ ಅದನ್ನು ಎರಡೆರಡು ಸಲ ಓದಿದೆವು. ಮೂವತ್ತೆಂಟು ವರ್ಷಗಳಲ್ಲಿ ನನ್ನ ಎಷ್ಟೋ ಅರ್ಜಿಗಳು ವಜಾ ಆಗಿವೆ. ವಜಾ ಆದದ್ದಕ್ಕೆ ಚಾಯ ಕೊಡಿಸಿದ್ದು ಇದೊಂದಕ್ಕೇ.